ಹಳೇಬೀಡಿನ ಶೋಧಕರೂ ಹತ್ತು ನಿಮಿಷದ ಮಾತೂ

ಹಳೇಬೀಡನ್ನು ನೋಡಿ ಬಂದವರನ್ನು ಆ ದೊಡ್ಡ ಗುಡಿಯನ್ನು ಕಟ್ಟಿಸಿದವರಾರೆಂದು ಕೇಳಿದರೆ ವಿಷ್ಣುವರ್ಧನನೆನ್ನುವರು. ಕಡೆದವರಾರೆಂದು ಕೇಳಿದರೆ ಜಕಣಾಚಾರಿಯೆನ್ನುವರು. ಎರಡು ಉತ್ತರಗಳೂ ಸುಲಭವಾದುವು, ಬಾಯಲ್ಲಿ ನಿಲ್ಲತಕ್ಕವು. ಶಾಸನಗಳು ಹೇಳುವುದು ಬೇರೆ. ಹಳೇಬೀಡಿಗೆ ಕೆಲವೇ ಮೈಲಿ ದೂರದ ಘಟ್ಟದಹಳ್ಳಿಯಲ್ಲಿ ದೊರೆತ 1121ರ ಶಾಸನವೊಂದು, ದೊರೆಯ ಅಧಿಕಾರಿಯಾದ ಕೇತಮಲ್ಲನು ಹೊಯ್ಸಳೇಶ್ವರವನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಗುಡಿಯ ಗೋಡೆಯ ಮೂರ್ತಿಗಳ ಕೆಳಗೆ ಶಿಲ್ಪಿಗಳು ತಮ್ಮ ತಮ್ಮ ಹೆಸರುಗಳನ್ನು ತಾವೇ ಕೊರೆದಿರುವರು: ಮಾಬಲ, ಬಲ್ಲಣ, ಬೋಚಣ, ಕೇತಣ, ಬಾಮ, ಬಲಕಿ, ರೇವೋಜ. ಬೇಲೂರಿಗೆ ಹೋದರೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸಿಕ್ಕುವರು. ಈ ಸಹಿಗಳ ನಡುವೆ ಜಕಣಾಚಾರಿಯ ಹೆಸರಿಲ್ಲ.

ಇದು ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿಸಿದ್ದು 1902ರಲ್ಲಿ. ಅವರ ತರುವಾಯ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಪ್ರತ್ಯೇಕ ಪುಸ್ತಕವನ್ನೇ ಹೊರಡಿಸಿದರು. ನೂರು ವರ್ಷಗಳಿಗೂ ಮೀರಿ ಪುಸ್ತಕಗಳಲ್ಲಿರುವ ಸಂಗತಿ ಗುಡಿಯ ಬಾಗಿಲಿನವರೆಗೆ ಬರಲಾರದೆ ಹೋದುದೇಕೆ? ಪಂಡಿತರು ಪಂಡಿತರಿಗಾಗಿ ಬರೆದರು, ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮಿಕ್ಕವರಿಗೆ ಕಥೆ ಹೇಳುವ ಕೆಲಸವು ದಾರಿ ತೋರಿಸುವವರ ಪಾಲಿಗೆ ಬಂದಿತು. ಅವರನ್ನು ದೂರಿ ಫಲವಿಲ್ಲ. ಕೇಳುವವರಿದ್ದರು, ಹೇಳಿದರು.

ಈಗ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಸಂಶೋಧಕರೂ ತಮ್ಮ ಶೋಧನೆಯ ಸಾರವನ್ನು ವಿಷಯದ ಪರಿಚಯವಿಲ್ಲದ ಸಭೆಯ ಮುಂದೆ ಕೆಲವೇ ನಿಮಿಷಗಳಲ್ಲಿ ಹೇಳುವ ಪದ್ಧತಿ ಹಬ್ಬಿದೆ. 2008ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯವು ಇದನ್ನೊಂದು ಸ್ಪರ್ಧೆಯನ್ನಾಗಿ ಏರ್ಪಡಿಸಿತು. ಎಂಬತ್ತು ಸಾವಿರ ಪದಗಳ ಮಹಾಪ್ರಬಂಧವನ್ನು ಓದಿ ಹೇಳಲು ಒಂಬತ್ತು ಗಂಟೆ ಬೇಕೆಂದೂ ಸ್ಪರ್ಧಿಗೆ ದೊರೆಯುವುದು ಮೂರೇ ನಿಮಿಷವೆಂದೂ ಅವರ ಲೆಕ್ಕ. ಆ ಪ್ರಾಂತ್ಯದಲ್ಲಿ ಆಗ ಕಠಿನವಾದ ಕ್ಷಾಮ. ಸ್ನಾನವು ಮೂರು ನಿಮಿಷ ಮೀರದಂತೆ ಜನರು ಬಚ್ಚಲು ಮನೆಯ ಗೋಡೆಗೆ ಗಳಿಗೆಬಟ್ಟಲಿನಂಥ ಸಾಧನವನ್ನು ತಗುಲಿಹಾಕಿದ್ದರಂತೆ. ಅದನ್ನು ಕಂಡೇ ಈ ಯೋಚನೆ ಹೊಳೆಯಿತೆನ್ನುವರು. ನೀರಿನಂತೆ ಮಾತನ್ನೂ ಅಳೆದು ಬಳಸುವುದು ನಮ್ಮ ಅನೇಕ ಸಭೆಗಳಿಗೂ ಹಿತವಾದೀತು!

ಆದರೆ ಇದು ಕೇವಲ ಪರದೇಶದ ಸರಕೆಂದು ನಾವು ಎಣಿಸಬೇಕಾಗಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಅವು ಕೈಹೊತ್ತಿಗೆಗಳಾಗಿ ಅಚ್ಚಾದುವು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ತಮ್ಮ ಮನೆಯಿಂದಲೇ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಾಣದ ಶ್ರೋತೃವಿಗೆ, ಕರಿಹಲಗೆಯ ನೆರವಿಲ್ಲದೆ, ಗೊತ್ತುಮಾಡಿದ ವೇಳೆಯೊಳಗೆ ತಿಳಿಯುವಂತೆ ಹೇಳಬೇಕೆಂಬ ಕಟ್ಟು ಅಂದಿನಿಂದಲೇ ನಮ್ಮವರಿಗೆ ಪರಿಚಿತ.

ಇನ್ನೂ ಹಿಂದಕ್ಕೆ ಹೋದರೆ ಹಳೇಬೀಡೇ ಎದುರಾಗುತ್ತದೆ. ಹರಿಹರನು ಅಲ್ಲಿಯ ಅರಮನೆಯಲ್ಲಿ ಕರಣಿಕನಾಗಿದ್ದು, ಆ ಚಾಕರಿಯನ್ನು ಬಿಟ್ಟು ಹಂಪೆಗೆ ಹೋದನೆಂದು ಪ್ರತೀತಿ. ‘ಗಿರಿಜಾಕಲ್ಯಾಣ’ವನ್ನು ಪ್ರೌಢವಾದ ಚಂಪುವಿನಲ್ಲಿ ರಚಿಸಿದವನೇ ಶರಣರ ಚರಿತ್ರೆಗಳನ್ನು ರಗಳೆಯಲ್ಲಿ ಹಾಡಿದನು. ಎರಡೂ ಒಬ್ಬನದೇ ಲೇಖನಿ. ಸರಳವಾಗಿ ಹೇಳಿದರೆ ಪಾಂಡಿತ್ಯಕ್ಕೆ ಊನವಾಗುವುದೆಂದು ಅಳುಕುವ ವಿದ್ಯಾರ್ಥಿಗೆ ಈ ಕವಿಯ ಉದಾಹರಣೆ ಸಾಲದೆ?

ಅಳುಕಿಗೆ ಕಾರಣವಿಲ್ಲದಿಲ್ಲ. ಹೊಯ್ಸಳ ದೊರೆಗಳ ವಂಶಚರಿತ್ರೆಯನ್ನು ಕುರಿತು ಡಂಕನ್ ಡೆರೆಟ್ ಎಂಬ ತರುಣನು 1949ರಲ್ಲಿ ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದನು. ಅದು ಪುಸ್ತಕವಾಗಿ ಹೊರಬಂದದ್ದು 1957ರಲ್ಲಿ. ಒಂದೊಂದು ತೇದಿಗೂ ಹತ್ತು ಶಾಸನಗಳನ್ನು ತೂಗಿ ನೋಡುವ ಇಂಥ ಕೆಲಸವನ್ನು ಮೂರು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ತೀರ್ಮಾನ ಮಾತ್ರ, ತೂಕ ಮಾಯವಾಗುತ್ತದೆ. ಆಗ ಸಂಶೋಧಕನ ಮಾತಿಗೂ ಜಕಣಾಚಾರಿಯ ಕಥೆಗೂ ಕೇಳುವವನ ಮಟ್ಟಿಗೆ ಭೇದವೇನು? ಎರಡನ್ನೂ ಅವನು ನಂಬಿಕೆಯ ಮೇಲೆಯೇ ಒಪ್ಪಬೇಕಾಗುವುದು. ಕಥೆಯಾದರೋ ಹೆಚ್ಚು ಸೊಗಸಾಗಿದೆ.

ನಮಗೆ ತೋರುವ ಮಾರ್ಗ ಇದು: ಪ್ರಬಂಧವನ್ನೆಲ್ಲ ಹಿಂಡಿ ಸಾರ ತೆಗೆಯುವ ಗೋಜಿಗೆ ಹೋಗದೆ ಒಂದೇ ಆಧಾರವನ್ನು ಕೈಗೆ ತೆಗೆದುಕೊಳ್ಳುವುದು. ಹೊಯ್ಸಳೇಶ್ವರದ ಬಳಿ ನಿಂತಿರುವ ಗರುಡಗಂಬವನ್ನೇ ನೋಡಿರಿ. 1220ರಲ್ಲಿ ಎರಡನೆಯ ವೀರಬಲ್ಲಾಳನು ಗತಿಸಿದಾಗ ಅವನ ಮಂತ್ರಿ ಕುವರ ಲಕ್ಷ್ಮನೂ ಆತನ ಪತ್ನಿ ಸುಗ್ಗಲದೇವಿಯೂ ಸಂಗಡಿಗರಾದ ವೀರರೂ ಪ್ರಾಣವನ್ನು ಅರ್ಪಿಸಿದುದನ್ನು ಅದು ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ಆಳುಗಳ ಆಕೃತಿಗಳಿವೆ. ನೋಡಿದವರು ಸ್ವಾಮಿಭಕ್ತಿಯೆಂದು ತಲೆದೂಗಿ ಮುಂದೆ ನಡೆಯುವರು. ವಿದ್ಯಾರ್ಥಿಯು ಅಲ್ಲಿ ನಿಲ್ಲಿಸಿ, ‘ಗರುಡ’ನೆಂದರೆ ಯಾರು ಎಂದು ಕೇಳಲಿ. ಉಂಡ ಅನ್ನದ ಋಣ ತೀರಿಸುವ ಜೋಳವಾಳಿ, ಒಡೆಯನೊಂದಿಗೆ ಸಾಯುವೆನೆಂದು ಭಾಷೆಗೊಡುವ ವೇಳೆವಾಳಿ ಎಂಬ ಮಾತುಗಳು ಹಳೆಯ ಕನ್ನಡದಲ್ಲಿವೆ. ಭಾಷೆಯನ್ನು ಕೊಟ್ಟವರಾರು, ಪಡೆದವರಾರು, ಹೆಂಡತಿಯ ಇಚ್ಛೆಯನ್ನು ಕೇಳಿದವರುಂಟೇ? ಕಂಬವು ಇದಕ್ಕೆಲ್ಲ ಉತ್ತರ ಹೇಳದು. ಎಷ್ಟನ್ನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ತೋರಿಸಲು ಹತ್ತು ನಿಮಿಷ ಧಾರಾಳವಾಗಿ ಸಾಕು. ಕೇಳಿದವರಿಗೆ ಶೋಧನೆಯೆಂಬ ಕೆಲಸದ ರುಚಿಯೂ ಹತ್ತುವುದು.

ಶಾಸನದಿಂದ ಜನಜೀವನವನ್ನು ಓದುವ ಬಗೆಯನ್ನು ಕನ್ನಡದಲ್ಲೇ ಕಾಣಿಸಿಕೊಟ್ಟ ಗ್ರಂಥ, ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಅದೂ ಒಂದು ಡಾಕ್ಟರೇಟ್ ಪ್ರಬಂಧವೇ, 1966ರಲ್ಲಿ ಅಚ್ಚಾಯಿತು. ಪದವಿಗಾಗಿ ಬರೆದುದನ್ನು ಪದವಿಯ ಹಂಗಿಲ್ಲದವರೂ ಓದಿದರು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಬರುವವರ ಸಂದಣಿಗೆ ಕೊರತೆಯಿಲ್ಲ. ಮೈಸೂರು, ಧಾರವಾಡ, ಬೆಂಗಳೂರುಗಳ ತರುಣ ಸಂಶೋಧಕರು ತಮ್ಮ ಹತ್ತು ನಿಮಿಷದ ಮಾತನ್ನು ನಗರದ ಸಭಾಮಂದಿರದಲ್ಲಿ ಆಡುವಂತೆ ವರ್ಷಕ್ಕೊಮ್ಮೆ ಆ ಗುಡಿಯ ಅಂಗಳದಲ್ಲಿಯೂ ಆಡಲೆಂದು ನಾವು ಬಯಸುತ್ತೇವೆ. ಮುಂದಿನ ಸಾಲಿನಲ್ಲಿ ಅಲ್ಲಿ ದಾರಿ ತೋರಿಸುವವರನ್ನು ಕೂರಿಸಬೇಕು. ಪ್ರಶ್ನೆ ಕೇಳುವ ಹಕ್ಕು ಮೊದಲು ಅವರದು. ಘಟ್ಟದಹಳ್ಳಿಯಿಂದ ನಾಲ್ಕು ಮಂದಿ ಬಂದರೆ ಕೇತಮಲ್ಲನ ಹೆಸರನ್ನು ಅವರೆದುರಿಗೇ ಓದಬಹುದು.