ಬರ, ಅನಾಥಾಲಯ ಮತ್ತು ಲೋಕದಿಂದ ಬೇರೆಯಾಗುವುದು: ಕೋಲಾರ ಸೀಮೆಯ ಕ್ರೈಸ್ತ ಪರಂಪರೆ

ಲೋಕದಲ್ಲಿದ್ದೂ ಲೋಕಕ್ಕೆ ಸೇರದೆ ಬಾಳುವ ಬಗೆಯನ್ನು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯ ಪ್ರಾರ್ಥನೆಯಾಗಿ ಮುಂದಿಡುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಅದನ್ನೇ ನಡತೆಯ ನಿಯಮವಾಗಿಸುತ್ತಾನೆ. ಕೋಲಾರದಲ್ಲಿ ಈ ಬೋಧನೆ ನೆಲೆಗೊಂಡಾಗ ಆಯ್ಕೆಗಿಂತ ಮೊದಲು ಹಸಿವು ಬಂದಿತ್ತು ಎಂಬುದು ನನ್ನ ವಾದ.

1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಬರದ ನಂತರ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದವರು ಮಿಷನರಿ ಮಿಸ್ ಆನ್‌ಸ್ಟೆ. 1890ರಲ್ಲಿ ಅವರ ಕೆಲಸ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಬಂತು. ವಯಸ್ಕನೊಬ್ಬ ದೀಕ್ಷಾಸ್ನಾನ ಪಡೆದರೆ ಕುಲ, ನಂಟರು, ಊರಹಬ್ಬ ಎಲ್ಲವನ್ನೂ ತಾನಾಗಿ ಬಿಟ್ಟು ಬರಬೇಕಿತ್ತು. ಈ ಮಕ್ಕಳಿಂದ ಅವನ್ನೆಲ್ಲ ಬರವೇ ಕಿತ್ತುಕೊಂಡಿತ್ತು. ಹೀಗಾಗಿ ಅವರನ್ನು ಲೋಕ ತೊರೆದವರೆಂದು ಹೊಗಳುವುದು ಅವರ ಸಂಕಟವನ್ನು ಮರೆಮಾಚಿದಂತೆ. ತಿಳಿದು ಆರಿಸಿಕೊಳ್ಳುವ ಪ್ರಶ್ನೆ ಎದ್ದದ್ದು ಅವರು ಬೆಳೆದು ಸಂಸಾರ ಹೂಡಿದ ಮೇಲೆ.

ಆಗ ಅವರ ಮುಂದಿದ್ದದ್ದು ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1743ರಲ್ಲಿ ಪ್ರಕಟಿಸಿದ ಸಾಮಾನ್ಯ ನಿಯಮಗಳ ಪರಂಪರೆ: ಹೆಂಡ ಬೇಡ, ಚಿನ್ನದೊಡವೆ ಬೇಡ, ಅನ್ಯಾಯದ ಬಡ್ಡಿ ಬೇಡ. ಇದೇ ಸೀಮೆಯ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಮಾಧ್ವ ಯತಿ ಶ್ರೀಪಾದರಾಜರ ವೃಂದಾವನವಿದೆ. ಆ ಮಾಧ್ವ ಪರಂಪರೆಯಲ್ಲಿ ವೈರಾಗ್ಯದ ತುದಿ ಸನ್ಯಾಸ. ವೆಸ್ಲಿಯ ನಿಯಮ ಕೇಳುವುದು ಗೃಹಸ್ಥನ ವೈರಾಗ್ಯವನ್ನು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದುಡಿಯುವ ವಿಶ್ವಾಸಿ ತೂಕ, ಕೂಲಿ, ಸಾಲದ ಲೆಕ್ಕದಲ್ಲಿ ಅದನ್ನು ತೋರಬೇಕು. ಇದು ಕಾವಿ ಉಡುವುದಕ್ಕಿಂತ ಸುಲಭವೆಂದು ನನಗನ್ನಿಸುವುದಿಲ್ಲ. ಪೆಂಟೆಕೊಸ್ಟಲ್ ಸಭೆಗಳು ಹಲವೆಡೆ ಒಡವೆ, ಹೂವು, ಕುಂಕುಮವನ್ನೇ ಗಡಿಯಾಗಿಸಿವೆ. ಕಣ್ಣಿಗೆ ಕಾಣುವ ಗುರುತಾದ್ದರಿಂದ ಅದರ ಪಾಲನೆಯ ಭಾರ ಬಹುಪಾಲು ಹೆಂಗಸರ ಮೇಲೆಯೇ ಬೀಳುತ್ತದೆ.

ವೆಸ್ಲಿಯ ಪಟ್ಟಿಯಲ್ಲಿ ಜಾತಿಯ ಮಾತಿಲ್ಲ. ಆದರೆ ನಮ್ಮ ನೆಲದಲ್ಲಿ ಲೋಕದ ಬೇರು ಆಳಕ್ಕಿಳಿದಿರುವುದು ಅಲ್ಲಿಯೇ. ಓಲೆ ಕಳಚಿದ ಮನೆತನವೂ ಗಂಡು–ಹೆಣ್ಣು ನೋಡುವಾಗ ಕುಲ ಕೇಳಿದರೆ ಪೌಲನ ಮಾತು ಬಾಗಿಲ ಹೊರಗೇ ನಿಂತಿತು. ಇತ್ತ ದಲಿತನೊಬ್ಬ ಕ್ರೈಸ್ತನಾದರೂ ಅವನ ಕೇರಿ ಬದಲಾಗುವುದಿಲ್ಲ. ಸರ್ಕಾರ ಮಾತ್ರ 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಅವನನ್ನು ಪಟ್ಟಿಯ ಹೊರಗಿಡುತ್ತದೆ. ಆ ಮಾನ್ಯತೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತ ದಲಿತರನ್ನು ಅದು ಇನ್ನೂ ತಲುಪಿಲ್ಲ.