ತೋಳಿನ ಪಟ್ಟಿ ಮತ್ತು ಕೈಯ ನೋವು

ಕೈಯನ್ನು ಕುರಿತು ನಮ್ಮ ನುಡಿಯಲ್ಲಿರುವ ಮಾತುಗಳನ್ನು ಕೂಡಿಸಹೋದರೆ ಒಂದು ಸಣ್ಣ ನಿಘಂಟೇ ಆದೀತು. ಕೈಗುಣ, ಕೈಗೂಡು, ಕೈಹಿಡಿ, ಕೈಬಿಡು, ಕೈಕೊಡು ಹೀಗೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಂತೂ ಕಾಗವಾಡದಂಥ ಊರಿನಲ್ಲಿ ಬರಿಯ ಗಾದೆಯಲ್ಲ, ನಿತ್ಯದ ಲೆಕ್ಕಾಚಾರ. ಇದು ಕೃಷ್ಣಾ ತೀರದ ಕಬ್ಬಿನ ಸೀಮೆ. ಪಕ್ಕದ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಕಬ್ಬು ಕಡಿಯುವ ಕುಡುಗೋಲು, ರಸ ಹಿಂಡುವ ಗಾಣದ ಉರುಳೆ, ದನಗಳ ಮೇವು ಕತ್ತರಿಸುವ ಯಂತ್ರ ಇವು ಮೂರೂ ಕೈಗೆ ಅನ್ನ ಕೊಡುತ್ತವೆ, ಒಮ್ಮೊಮ್ಮೆ ಕೈಯನ್ನೇ ಬೇಡುತ್ತವೆ. ಶಾಲೆಯಲ್ಲಿ ಮಕ್ಕಳ ದಾಖಲಾತಿಯ ದಿನ ಹೆಬ್ಬೆಟ್ಟಿನ ಗುರುತು ಹಾಕಲು ಹೆಬ್ಬೆಟ್ಟೇ ಇಲ್ಲದ ತಂದೆಯರನ್ನು ನಾನು ನೋಡಿದ್ದೇನೆ.

ಹಾಗೆ ಮೇವಿನ ಯಂತ್ರಕ್ಕೆ ಬೆರಳು ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ರೈತರೊಬ್ಬರು ಒಮ್ಮೆ ನನ್ನೊಡನೆ ಆಡಿದ ಮಾತು ಮನಸ್ಸಿನಲ್ಲಿ ಉಳಿದಿದೆ. “ಕೊಯ್ದದ್ದು ಗೊತ್ತಾಗಲಿಲ್ರೀ ಗುರುಗಳ, ತೋಳಿಗೆ ಕಟ್ಟಿದ್ದು ಮಾತ್ರ ತಾಳಲಿಕ್ಕ ಆಗಲಿಲ್ಲ” ಎಂದರು. ಗಾಯವಾದದ್ದು ಬೆರಳಿಗೆ, ನೊಂದದ್ದು ತೋಳು! ಈ ವಿಚಿತ್ರದ ಹಿಂದೆ ಮುನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ತೋಳಿಗೆ ಕಟ್ಟುವ ಆ ಪಟ್ಟಿಗೆ ವೈದ್ಯರು ‘ಟೂರ್ನಿಕೆ’ ಎನ್ನುತ್ತಾರೆ. ‘ತಿರುಗಿಸು’ ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಪದ. ಅಂಗವನ್ನು ಬಿಗಿದು ಕಟ್ಟುವ ಉಪಾಯವೇನೋ ಅದಕ್ಕಿಂತ ಬಹಳ ಹಳೆಯದು. ಹಾವು ಕಚ್ಚಿದ ಜಾಗದಿಂದ ನಾಲ್ಕು ಅಂಗುಲ ಮೇಲೆ ಕಟ್ಟಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. (ಹಾವಿನ ಕಡಿತಕ್ಕೆ ಹಾಗೆ ಬಿಗಿಯಬಾರದೆಂದು ಇಂದಿನ ವೈದ್ಯರ ಮತ, ಓದುಗರು ಇದನ್ನು ಮರೆಯಬಾರದು.) ಯುರೋಪಿನಲ್ಲಿ 1674ರ ಬೆಸಾಂಸೋನ್ ಮುತ್ತಿಗೆಯ ಕಾಲದಲ್ಲಿ ಮೋರೆಲ್ ಎಂಬ ಸೇನಾವೈದ್ಯನು ಕಟ್ಟಿದ ಬಟ್ಟೆಯೊಳಗೆ ಕೋಲು ತೂರಿಸಿ, ತಿರುಚಿ, ರಕ್ತ ನಿಲ್ಲಿಸಿದನು. 1718ರಲ್ಲಿ ಪ್ಯಾರಿಸಿನ ಝಾನ್ ಲೂಯಿ ಪೆತಿ ಎಂಬಾತನು ಕೋಲಿನ ಬದಲು ತಿರುಪು ಅಳವಡಿಸಿದನು. ಆ ಕಾಲದಲ್ಲಿ ಇದರ ಕೆಲಸ ಒಂದೇ: ಕೈಕಾಲು ಕತ್ತರಿಸುವಾಗ ರೋಗಿ ರಕ್ತ ಸೋರಿ ಸಾಯದಂತೆ ತಡೆಯುವುದು. ಅರಿವಳಿಕೆಯೇ ಇಲ್ಲದ ದಿನಗಳು ಅವು. ಗರಗಸದ ನೋವಿನ ಮುಂದೆ ಪಟ್ಟಿಯ ನೋವನ್ನು ಯಾರು ಕೇಳುತ್ತಾರೆ?

1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆದ ಮೇಲೆ ಶಸ್ತ್ರವೈದ್ಯನಿಗೆ ಅವಸರ ತಪ್ಪಿತು. ನಿಧಾನವಾಗಿ, ನೋಡಿ ಕೆಲಸ ಮಾಡುವ ಅವಕಾಶ ದೊರೆಯಿತು. ನೋಡಬೇಕಾದರೆ ರಕ್ತ ಅಡ್ಡಬರಬಾರದು. 1860ರ ದಶಕದಲ್ಲಿ ಲಿಸ್ಟರನು ಕ್ಷಯ ತಗುಲಿದ ಮಣಿಕಟ್ಟಿನ ಶಸ್ತ್ರಕ್ರಿಯೆಗೆ ಕೈಯನ್ನು ಮೇಲೆತ್ತಿ ರಕ್ತ ಇಳಿಸಿ ಅನಂತರ ಬಿಗಿದನು. 1873ರಲ್ಲಿ ಜರ್ಮನಿಯ ಎಸ್ಮಾರ್ಕ್ ರಬ್ಬರಿನ ಪಟ್ಟಿಯನ್ನು ಬೆರಳ ತುದಿಯಿಂದ ಮೇಲಕ್ಕೆ ಸುತ್ತಿ ರಕ್ತವನ್ನು ಹಿಂಡಿ ತೆಗೆಯುವ ಕ್ರಮ ತಂದನು. ಆದರೆ ರಬ್ಬರು ಎಷ್ಟು ಬಿಗಿಯಿತೆಂದು ಅಳೆಯುವಂತಿರಲಿಲ್ಲ. ನರಗಳು ನಜ್ಜಾಗಿ ಕೈ ಸ್ವಾಧೀನ ತಪ್ಪುವುದೂ ಇತ್ತು. ಅಮೆರಿಕದ ಹಾರ್ವೆ ಕುಶಿಂಗ್ ಇಟಲಿಯಲ್ಲಿ ರಕ್ತದೊತ್ತಡ ಅಳೆಯುವ ಗಾಳಿಪಟ್ಟಿಯನ್ನು ಕಂಡು, 1904ರಲ್ಲಿ ಗಾಳಿ ತುಂಬುವ ಟೂರ್ನಿಕೆಯನ್ನು ಬಳಕೆಗೆ ತಂದನು. ಇಂದಿಗೂ ಅದರ ವಂಶಜವೇ ನಮ್ಮ ಆಸ್ಪತ್ರೆಗಳಲ್ಲಿದೆ.

ಕೈಯೊಳಗಿನ ರಚನೆಯನ್ನು ಬಲ್ಲವರಿಗೆ ಈ ಪಟ್ಟಿಯ ಉಪಕಾರ ತಿಳಿಯುತ್ತದೆ. ಬೆರಳು ಮಡಿಸುವ ಸ್ನಾಯುರಜ್ಜು, ಅದರ ಪಕ್ಕದಲ್ಲೇ ಎಳೆಯಂಥ ನರ, ಅದಕ್ಕೆ ಅಂಟಿಕೊಂಡ ರಕ್ತನಾಳ, ಎಲ್ಲವೂ ಒಂದು ಬೆರಳಗಲದ ಜಾಗದಲ್ಲಿವೆ. ರಕ್ತದ ಮಡುವಿನಲ್ಲಿ ಅವುಗಳನ್ನು ಹುಡುಕುವುದೂ ಒಂದೇ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವುದೂ ಒಂದೇ. 1944ರಲ್ಲಿ ಕೈಯ ಶಸ್ತ್ರಚಿಕಿತ್ಸೆಗಾಗಿಯೇ ದೊಡ್ಡ ಗ್ರಂಥ ಬರೆದ ಅಮೆರಿಕದ ಸ್ಟರ್ಲಿಂಗ್ ಬನೆಲ್ ರಕ್ತರಹಿತ ಕ್ಷೇತ್ರಕ್ಕೆ ಪಟ್ಟು ಹಿಡಿದದ್ದು ಈ ಕಾರಣದಿಂದ.

ಆದರೆ ಲಾಭ ಶಸ್ತ್ರವೈದ್ಯನ ಕಣ್ಣಿಗೆ, ಬೆಲೆ ರೋಗಿಯ ತೋಳಿಗೆ. ಆರೋಗ್ಯವಂತನ ಮೇಲಿನ ರಕ್ತದೊತ್ತಡ ಸುಮಾರು 120 ಇರುವಲ್ಲಿ, ತೋಳಿನ ಪಟ್ಟಿಗೆ ಸಾಮಾನ್ಯವಾಗಿ 200ರಿಂದ 250ರ ಒತ್ತಡ ಕೊಡುತ್ತಾರೆ. ಎರಡು ಗಂಟೆಯವರೆಗೆ ಕೈ ಇದನ್ನು ತಡೆಯಬಲ್ಲದೆಂಬುದು ವೈದ್ಯರ ಲೆಕ್ಕ. ಎಚ್ಚರವಿರುವ ಮನುಷ್ಯ ತಡೆಯುವುದು ಮಾತ್ರ ಸುಮಾರು ಇಪ್ಪತ್ತು ಮೂವತ್ತು ನಿಮಿಷ. ಮೊದಲು ಬಿಗಿತ, ಆಮೇಲೆ ಜೋಮು, ಅನಂತರ ಆಳದಿಂದ ಏಳುವ ಮೊಂಡು ನೋವು. ನಾಡಿ, ರಕ್ತದೊತ್ತಡ ಎರಡೂ ಏರುತ್ತವೆ. ಒತ್ತಡಕ್ಕೆ ಸಿಕ್ಕ ದಪ್ಪ ನರತಂತುಗಳು ಬೇಗ ಸುಮ್ಮನಾಗುತ್ತವೆ. ಮಂದ ನೋವನ್ನು ಹೊರುವ ಅತಿ ಸಣ್ಣ ತಂತುಗಳು ಕೊನೆಯವರೆಗೂ ವರದಿ ಕಳಿಸುತ್ತಲೇ ಇರುತ್ತವೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಅಂಗೈಗೆ ಸೂಜಿಮದ್ದು ಕೊಟ್ಟರೆ ಅಂಗೈ ಮರಗಟ್ಟೀತು, ತೋಳು ಮರಗಟ್ಟದು. ಕಂಕುಳಲ್ಲಿ ನರಗಳಿಗೆ ಮದ್ದು ಕೊಟ್ಟಾಗಲೂ ತೋಳಿನ ಒಳಬದಿಯ ಒಂದು ನರ ಬೇರೆ ದಾರಿಯಿಂದ ಬರುವುದರಿಂದ ತಪ್ಪಿಸಿಕೊಳ್ಳಬಹುದು. ನಮ್ಮ ರೈತರ ಮಾತಿನ ಅರ್ಥ ಇದೇ.

ನೋವಿನ ಮತ್ತೊಂದು ಮುಖವನ್ನು ನಮ್ಮ ದೇಶದ ಇತಿಹಾಸವೇ ತೋರಿಸುತ್ತದೆ. ಡಾ. ಪಾಲ್ ಬ್ರಾಂಡ್ ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲಿ 1948ರ ಸುಮಾರಿಗೆ ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೆಟ್ಟಗೆ ಮಾಡತೊಡಗಿದರು. ಆ ಕೈಗಳಿಗೆ ನೋವೇ ತಿಳಿಯುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದರೂ ಬಿಡುತ್ತಿರಲಿಲ್ಲ. ಹಾಗಾಗಿಯೇ ಬೆರಳುಗಳು ಸವೆದು ಹೋಗುತ್ತಿದ್ದವು. ನೋವು ಒಂದು ವರ ಎಂದು ಬ್ರಾಂಡ್ ಜೀವನವಿಡೀ ಹೇಳಿದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಿರಜ. ಅಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಆಸ್ಪತ್ರೆ ತೆರೆದ ಮೇಲೆ, ‘ಮಿರಜಕ್ಕೆ ಒಯ್ದರು’ ಎಂದರೆ ಕಾಯಿಲೆ ಎಷ್ಟು ಭಾರಿಯೆಂದು ಹಿರಿಯರಿಗೆ ತಿಳಿಯುತ್ತಿತ್ತು. ನೋವು ವರವೆಂಬ ಬ್ರಾಂಡರ ಮಾತು ಸತ್ಯ. ಆದರೆ ಸುದ್ದಿ ತಂದ ದೂತನನ್ನು ಬಾಗಿಲಲ್ಲೇ ನಿಲ್ಲಿಸಿದರೆ ವರವೂ ಶಿಕ್ಷೆಯಾಗುತ್ತದೆ.

ಪಟ್ಟಿಯಿಲ್ಲದೆ ರಕ್ತ ತಡೆಯುವ ಮದ್ದು ಹಿಂದಿನಿಂದಲೂ ಇತ್ತು. ಅಡ್ರಿನಲಿನ್ ಬೆರೆಸಿದ ಸೂಜಿಮದ್ದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದರೆ ಅದನ್ನು ಬೆರಳಿಗೆ ಕೊಟ್ಟರೆ ಬೆರಳು ಕೊಳೆಯುತ್ತದೆಂದು ತಲೆಮಾರುಗಟ್ಟಲೆ ವೈದ್ಯವಿದ್ಯಾರ್ಥಿಗಳು ಬಾಯಿಪಾಠ ಮಾಡಿದರು. 2001ರಲ್ಲಿ ಕೀತ್ ಡೆಂಕ್ಲರ್ ಎಂಬ ವೈದ್ಯರು 1880ರಿಂದ 2000ದವರೆಗಿನ ದಾಖಲೆಗಳನ್ನು ಶೋಧಿಸಿದರು. ಬೆರಳು ಕೊಳೆತ ಪ್ರಕರಣಗಳು ಸಿಕ್ಕಿದ್ದು 48. ಅವುಗಳಲ್ಲಿ ಹೆಚ್ಚಿನವು ಕೋಕೇನ್, ಪ್ರೊಕೇನ್‌ಗಳ ಹಳೆಯ ಕಾಲದವು. 1948ರಲ್ಲಿ ಮಾರುಕಟ್ಟೆಗೆ ಬಂದ ಲಿಡೋಕೇನ್‌ಗೆ ಅಡ್ರಿನಲಿನ್ ಬೆರೆಸಿದ ಸಿದ್ಧಮದ್ದಿನಿಂದ ಒಂದೂ ಇಲ್ಲ! ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಸಂಗಡಿಗರು 2005ರಲ್ಲಿ, ಬೆರಳು ಮತ್ತು ಕೈಗೆ ಹೀಗೆ ಮದ್ದು ಕೊಟ್ಟ 3,110 ಸತತ ಪ್ರಕರಣಗಳನ್ನು ಪ್ರಕಟಿಸಿದರು. ಒಂದು ಬೆರಳೂ ಕೊಳೆತಿರಲಿಲ್ಲ. ಮದ್ದಿನ ಪರಿಣಾಮವನ್ನು ಹಿಂದಿರುಗಿಸುವ ಫೆಂಟೊಲಮಿನ್ ಎಂಬ ಪ್ರತಿಮದ್ದೂ ಇದೆ. ಪುನರುಕ್ತಿ ಪುರಾವೆಯಲ್ಲ ಎಂಬ ಪಾಠವನ್ನು ನಾವು ಶಿಕ್ಷಕರೂ ಇದರಿಂದ ಕಲಿಯಬೇಕು.

ಈ ಕ್ರಮದಲ್ಲಿ ಮದ್ದು ಕೊಟ್ಟು ಅರ್ಧಗಂಟೆಯಷ್ಟು ಕಾಯುತ್ತಾರೆ. ಆಮೇಲೆ ಪಟ್ಟಿಯಿಲ್ಲ, ನಿದ್ರೆಯಿಲ್ಲ. ರೋಗಿ ಎಚ್ಚರವಾಗಿರುವುದರಿಂದ ಸ್ನಾಯುರಜ್ಜು ಹೊಲಿದ ವೈದ್ಯರು “ಬೆರಳು ಮಡಿಸಿರಿ ನೋಡೋಣ” ಎನ್ನಬಹುದು. ಹೊಲಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಆಗಲೇ ಕಂಡು ತಿದ್ದಬಹುದು. ಅರಿವಳಿಕೆ ತಜ್ಞರು ಸುಲಭವಾಗಿ ಸಿಗದ ಊರುಗಳಿಗೆ ಇದು ವರದಾನ. ಹಾಗೆಂದು ಎಲ್ಲರಿಗೂ ಸಲ್ಲುವುದಿಲ್ಲ. ಬೆರಳಿನ ರಕ್ತಸಂಚಾರ ಮೊದಲೇ ಕುಂದಿದವರಿಗೆ ಇದು ಅಪಾಯ. ನಿಪ್ಪಾಣಿಯ ಹೊಗೆಸೊಪ್ಪಿನ ಈ ಸೀಮೆಯಲ್ಲಿ ಬೀಡಿಯಿಂದ ರಕ್ತನಾಳ ಮುಚ್ಚಿಕೊಂಡವರನ್ನು ವೈದ್ಯರು ಮೊದಲೇ ವಿಚಾರಿಸಬೇಕು. ಸಣ್ಣ ಮಕ್ಕಳು, ತೀರ ಹೆದರುವವರು, ಕೈಯೆಲ್ಲ ಜಜ್ಜಿಹೋದವರು ಇವರಿಗೆ ಹಳೆಯ ದಾರಿಯೇ ಸರಿ. ರಕ್ತ ಚಿಮ್ಮುವಾಗ ಜೀವ ಉಳಿಸಲು ಪಟ್ಟಿ ಇಂದಿಗೂ ಬೇಕು.

ಓದುಗ ಮಿತ್ರರು ಎರಡು ಮಾತು ನೆನಪಿಡಬೇಕು. ಹೊಲದಲ್ಲಿ ಬೆರಳು ತುಂಡಾದರೆ ಸುತಳಿಯಿಂದ ಬಿಗಿಯದೆ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಟ್ಟು ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರ ತಾಗಬಾರದು. ಎರಡನೆಯದು, ಶಸ್ತ್ರಚಿಕಿತ್ಸೆಗೆ ಮುನ್ನ ಧೈರ್ಯವಾಗಿ ಕೇಳಬೇಕು: ತೋಳಿಗೆ ಪಟ್ಟಿ ಕಟ್ಟುತ್ತೀರಾ, ಎಷ್ಟು ಹೊತ್ತು, ನೋವಾದರೆ ಏನು ಮಾಡುತ್ತೀರಿ? ಹಳ್ಳಿಯ ಜನ ವೈದ್ಯರೆದುರು ಬಾಯಿ ಬಿಡುವುದಿಲ್ಲ. ಸಹಿಸುವುದೇ ಸಭ್ಯತೆಯೆಂದು ತಿಳಿದಿದ್ದಾರೆ. ಪಟ್ಟಿಯ ಮೂರು ಶತಮಾನಗಳಲ್ಲಿ ರಕ್ತವನ್ನು, ಒತ್ತಡವನ್ನು, ಗಂಟೆಯನ್ನು ಬಗೆಬಗೆಯಾಗಿ ಅಳೆದರು. ನೋವನ್ನು ಅಳೆಯುವ ಸಾಧನ ಇಂದಿಗೂ ಒಂದೇ, ನೊಂದವನ ಬಾಯಿ. ಅದು ತೆರೆಯಬೇಕು, ಇನ್ನೊಂದು ಕಿವಿ ಅದನ್ನು ಕೇಳಬೇಕು.