ನೀರಿನ ಕೇಸು, ವಕೀಲರ ಬಿಲ್ಲು: ಹೇಮಾವತಿ ಹರಿಯೋ ಊರುಗಳಿಂದ ಒಂದು ಲೆಕ್ಕ

ಇವತ್ತಿನ ಎಪಿಸೋಡ್‌ನ ಒಂದು ನಂಬರ್‌ನಿಂದ ಶುರು ಮಾಡೋಣ. 122 ಕೋಟಿ 75 ಲಕ್ಷ ರೂಪಾಯಿ. ಕಾವೇರಿ, ಕೃಷ್ಣಾ, ಮಹದಾಯಿ, ಈ ಮೂರು ನದಿಗಳ ಜಗಳದಲ್ಲಿ ಟ್ರಿಬ್ಯೂನಲ್‌ಗಳ ಮುಂದೆ ನಮ್ಮ ಪರ ವಾದ ಮಾಡೋಕೆ ಕರ್ನಾಟಕ ಸರ್ಕಾರ ಮಾಡಿದ ಖರ್ಚು ಇದು. ಬಿಡಿಸಿ ನೋಡಿದರೆ ಕಾವೇರಿಗೆ 54.13 ಕೋಟಿ, ಕೃಷ್ಣಾಗೆ 43.24 ಕೋಟಿ, ಮಹದಾಯಿಗೆ 25.38 ಕೋಟಿ.

ಈ ಲೆಕ್ಕವನ್ನ ಸರ್ಕಾರ ತಾನಾಗೇ ಪ್ರೆಸ್ ಮೀಟ್ ಕರೆದು ಹೇಳಲಿಲ್ಲ. ಬೆಳಗಾವಿ ಜಿಲ್ಲೆ ಮೂಡಲಗಿಯ ಆರ್‌ಟಿಐ ಕಾರ್ಯಕರ್ತ ಭೀಮಪ್ಪ ಗಡಾದ ಅರ್ಜಿ ಹಾಕಿದರು, ಜಲಸಂಪನ್ಮೂಲ ಇಲಾಖೆ ಉತ್ತರ ಕೊಟ್ಟಿತು, ಆಮೇಲೆ ಪೇಪರ್‌ನಲ್ಲಿ ಬಂತು. ಅರ್ಜಿಯ ಫೀ 10 ರೂಪಾಯಿ.

ತುಮಕೂರಲ್ಲಿ ಕೂತು ಇದನ್ನ ಯಾಕೆ ಕೇಳಬೇಕು ಅಂತೀರಾ? ನಲ್ಲಿ ತಿರುಗಿಸಿ ನೋಡಿ. ತುಮಕೂರು ಸಿಟಿ ಕುಡಿಯೋದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲಿಸಿರೋ ಹೇಮಾವತಿ ನೀರು. ಅದು ಹಾಸನ ಜಿಲ್ಲೆ ಗೊರೂರು ಡ್ಯಾಮ್‌ನಿಂದ ಹೊರಟು, ಬಾಗೂರು-ನವಿಲೆ ಹತ್ತಿರ ಸುರಂಗದಲ್ಲಿ ನುಗ್ಗಿ, ತುಮಕೂರು ನಾಲೆಗೆ ಇಳಿದು, ಗುಬ್ಬಿ ತಾಲ್ಲೂಕು ದಾಟಿ ಬರುತ್ತೆ. ನಾಲೆಯ ಬಾಲದಲ್ಲಿ ಕುಣಿಗಲ್ ಇದೆ. ಹೇಮಾವತಿ ಕಾವೇರಿಯ ಉಪನದಿ. ಹಾಗಾಗಿ ಕಾವೇರಿ ಕೇಸು ಅಂದ್ರೆ ಮಂಡ್ಯದವರದ್ದು ಮಾತ್ರ ಅಂದ್ಕೊಂಡಿದ್ರೆ, ಅಲ್ಲ. ಆ 54 ಕೋಟಿಯಲ್ಲಿ ನಮ್ಮ ಬಿಂದಿಗೆಯೂ ಇದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1924ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯದ ನಡುವೆ ಕಾವೇರಿ ಒಪ್ಪಂದ ಆಯ್ತು. ಮೈಸೂರು ಕನ್ನಂಬಾಡಿ ಕಟ್ಟಬಹುದು, ಮದ್ರಾಸ್ ಮೆಟ್ಟೂರು ಕಟ್ಟಬಹುದು, 50 ವರ್ಷ ಆದಮೇಲೆ ಕೆಲವು ಷರತ್ತುಗಳನ್ನ ಮತ್ತೆ ನೋಡೋಣ ಅಂತ. ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಇನ್ನೊಂದು ಕಾಗದ ಪಾಸ್ ಆಗಿತ್ತು: ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್. ಸರ್ಕಾರಿ ಕಾಗದ ಅಂದ್ರೆ ಗುಟ್ಟು ಅನ್ನೋ ಅಭ್ಯಾಸಕ್ಕೆ ಕಾನೂನಿನ ಮುದ್ರೆ. ನೀರಿನ ಕಥೆ, ಗುಟ್ಟಿನ ಕಥೆ, ಎರಡೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಮುಂದೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ, ಅದಕ್ಕೇ ಹೇಳಿದೆ.

1960ರ ದಶಕದ ಕೊನೆಗೆ ಕರ್ನಾಟಕ ಗೊರೂರಲ್ಲಿ ಹೇಮಾವತಿ ಡ್ಯಾಮ್ ಕೆಲಸ ಶುರು ಮಾಡ್ತು. ಕೇಂದ್ರದ ಒಪ್ಪಿಗೆ ಇಲ್ಲ, ಯೋಜನಾ ಆಯೋಗದ ದುಡ್ಡೂ ಇಲ್ಲ. ಕಟ್ಟೇ ಬಿಟ್ರು. ತಮಿಳುನಾಡು 1971ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು, ಮರುವರ್ಷ ದಾವೆ ವಾಪಸ್ ತಗೊಂಡ್ತು. ಡ್ಯಾಮ್ 1979ರಲ್ಲಿ ಮುಗೀತು. ಆಮೇಲೆ ತಂಜಾವೂರಿನ ರೈತರ ಸಂಘದ ಅರ್ಜಿ, ಸಾಲು ಸಾಲು ಮಾತುಕತೆ, ಕೊನೆಗೆ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ 1990ರ ಜೂನ್ 2ರಂದು ಕಾವೇರಿ ಟ್ರಿಬ್ಯೂನಲ್.

ಮೀಟರ್ ಓಡೋಕೆ ಶುರು ಆಗಿದ್ದು ಅಲ್ಲಿಂದ. 1991ರಲ್ಲಿ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ, ಅದರ ಹಿಂದೆ ಬೆಂಗಳೂರಲ್ಲಿ ಗಲಭೆ. 2007ರ ಫೆಬ್ರವರಿ 5ಕ್ಕೆ ಅಂತಿಮ ತೀರ್ಪು, ಕರ್ನಾಟಕಕ್ಕೆ 270 ಟಿಎಂಸಿ. ಅದು ಗೆಜೆಟ್‌ಗೆ ಬಂದಿದ್ದು 2013ರಲ್ಲಿ. 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಇನ್ನೂ 14.75 ಟಿಎಂಸಿ ಸೇರಿಸಿ 284.75 ಮಾಡ್ತು. ಇಷ್ಟನ್ನ ಎಲ್ಲಾ ಪೇಪರ್‌ನವರೂ ಬರೆದಿದ್ದಾರೆ. ಯಾವ ವಕೀಲರು ಏನು ವಾದ ಮಾಡಿದ್ರು ಅನ್ನೋದೂ ಬಂದಿದೆ. ಆ ವಾದಕ್ಕೆ ನಾವು ಎಷ್ಟು ಕೊಟ್ವಿ ಅನ್ನೋದು ಮಾತ್ರ ವರ್ಷಗಟ್ಟಲೆ ಫೈಲಿನೊಳಗೇ ಇತ್ತು.

ಯಾಕೆ ಅಂದ್ರೆ 1990ರಲ್ಲಿ ಕೇಳೋಕೆ ದಾರಿನೇ ಇರಲಿಲ್ಲ. ವಿಧಾನಸಭೆಯಲ್ಲಿ ಎಂಎಲ್ಎ ಪ್ರಶ್ನೆ ಕೇಳಬಹುದಿತ್ತು. ಗುಬ್ಬಿಯ ತೆಂಗಿನ ತೋಟದವರು ಕೇಳೋ ಹಾಗಿರಲಿಲ್ಲ. 1975ರಲ್ಲೇ ರಾಜ್ ನಾರಾಯಣ್ ಕೇಸಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ತಮ್ಮ ಪರವಾಗಿ ಅಧಿಕಾರದಲ್ಲಿರೋರು ಏನು ಮಾಡ್ತಾರೆ ಅಂತ ತಿಳಿಯೋ ಹಕ್ಕು ಜನಕ್ಕಿದೆ ಅಂದಿದ್ರು. ಹಕ್ಕಿದೆ ಅಂದ್ರು ಸರಿ, ಆದ್ರೆ ಯಾವ ಕೌಂಟರ್‌ನಲ್ಲಿ, ಯಾರಿಗೆ, ಎಷ್ಟು ದಿನದಲ್ಲಿ? ಅದು ಇರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಮಾಹಿತಿ ಹಕ್ಕಿಗೆ ಮೊದಲು ಕಾನೂನು ಮಾಡಿದ ರಾಜ್ಯ ತಮಿಳುನಾಡು, 1997ರಲ್ಲಿ. ವಿನಾಯಿತಿಗಳೇ ತುಂಬಿದ್ದ ಕಾನೂನು ಅದು, ಇರಲಿ. ಕರ್ನಾಟಕ 2000ದಲ್ಲಿ ಮಾಡ್ತು, ನಿಯಮಗಳು 2002ಕ್ಕೆ ಬಂದವು. ಇಡೀ ದೇಶಕ್ಕೆ ಆರ್‌ಟಿಐ ಜಾರಿ ಆಗಿದ್ದು 2005ರ ಅಕ್ಟೋಬರ್ 12ಕ್ಕೆ. ಅಷ್ಟೊತ್ತಿಗೆ ಕಾವೇರಿ ಟ್ರಿಬ್ಯೂನಲ್‌ಗೆ 15 ವರ್ಷ ಆಗಿತ್ತು.

"ವಕೀಲರ ಫೀ ಹೇಳಿದ್ರೆ ಕೇಸು ಹಾಳಾಗಲ್ವಾ?" ಇದು ಪ್ರಾಮಾಣಿಕ ಪ್ರಶ್ನೆ, ತಳ್ಳಿಹಾಕೋದು ಬೇಡ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತು ಗುಟ್ಟಾಗಿರಬೇಕು ಅನ್ನೋದು 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದ ಇದೆ. ಆರ್‌ಟಿಐನಲ್ಲೂ 8(1)(ಇ) ಅಂತ ಒಂದು ವಿನಾಯಿತಿ ಇದೆ, ನಂಬಿಕೆಯ ಸಂಬಂಧದಲ್ಲಿ ಬಂದ ಮಾಹಿತಿಗೆ. ಹೇಮಾವತಿ ಬಗ್ಗೆ ನಮ್ಮ ದೌರ್ಬಲ್ಯ ಏನು, ಎದುರು ಪಾರ್ಟಿಗೆ ಎಲ್ಲಿವರೆಗೆ ಬಿಟ್ಟುಕೊಡಬಹುದು ಅಂತ ವಕೀಲರು ಬರೆದ ಪತ್ರ ಖಂಡಿತ ಹೊರಗೆ ಬರಬಾರದು. ಬಂದ್ರೆ ನಮಗೇ ಲಾಸ್. ಆದ್ರೆ ಚೆಕ್‌ನಲ್ಲಿ ಬರೆದ ಮೊತ್ತ ನೋಡಿ ಚೆನ್ನೈಯವರಿಗೆ ನಮ್ಮ ವಾದ ಗೊತ್ತಾಗಲ್ಲ. ಸಲಹೆ ಒಂದು, ಬಿಲ್ಲು ಇನ್ನೊಂದು. ಅದೂ ಅಲ್ಲದೆ ಆ ಗುಟ್ಟಿನ ಮಾಲೀಕ ವಕೀಲ ಅಲ್ಲ, ಕಕ್ಷಿದಾರ. ಇಲ್ಲಿ ಕಕ್ಷಿದಾರ ಯಾರು? ಕರ್ನಾಟಕ ರಾಜ್ಯ. ಆ ದುಡ್ಡು ಕಟ್ಟೋರು ನಾವು.

ಅದೇ ಕಾಯ್ದೆಯ 4ನೇ ಕಲಂ ಓದಿದ್ರೆ, ಬಜೆಟ್ ಎಷ್ಟು, ಯಾವುದಕ್ಕೆ ಎಷ್ಟು ಹಣ ಬಿಡುಗಡೆ ಆಯ್ತು ಅಂತ ಇಲಾಖೆಗಳು ಯಾರೂ ಕೇಳದೇನೇ ಪ್ರಕಟಿಸಬೇಕು ಅಂತ ಇದೆ. ಹಾಗೆ ನೋಡಿದ್ರೆ ಮೂಡಲಗಿಯಿಂದ ಅರ್ಜಿ ಬರೋ ಅವಶ್ಯಕತೆನೇ ಇರಬಾರದಿತ್ತು.

ಈಗ ಆ 54 ಕೋಟಿಗೆ ವಾಪಸ್ ಬರೋಣ. ನ್ಯೂಸ್ ಬಂದಾಗ ಕಾಮೆಂಟ್‌ಗಳಲ್ಲಿ ಇದ್ದಿದ್ದು ಒಂದೇ ಮಾತು, "ವಕೀಲರು ನುಂಗಿದ್ರು". ನಾನು ಬಿ.ಕಾಂ ಓದಿದವನು, ಮೊತ್ತ ಕಂಡ್ರೆ ಭಾಗಿಸೋದು ಚಟ. 27 ವರ್ಷಕ್ಕೆ 54.13 ಕೋಟಿ, ಅಂದ್ರೆ ವರ್ಷಕ್ಕೆ ಸುಮಾರು 2 ಕೋಟಿ. 2018ರಲ್ಲಿ ಹೆಚ್ಚಿಗೆ ಸಿಕ್ಕ 14.75 ಟಿಎಂಸಿ ಅಂದ್ರೆ ಸುಮಾರು 41,700 ಕೋಟಿ ಲೀಟರ್. ಒಂದೇ ವರ್ಷದ ನೀರಿಗೆ ಹಾಕಿದ್ರೂ ರೂಪಾಯಿಗೆ 770 ಲೀಟರ್ ಬರುತ್ತೆ. ಟ್ರಿಬ್ಯೂನಲ್ ಫೀಯನ್ನ ಸುಪ್ರೀಂ ಕೋರ್ಟಲ್ಲಿ ಸಿಕ್ಕ ನೀರಿಗೆ ಹಂಚಿದ ಈ ಲೆಕ್ಕವನ್ನ ಯಾವ ಅಕೌಂಟೆನ್ಸಿ ಮೇಷ್ಟ್ರೂ ಒಪ್ಪಲ್ಲ, ಗೊತ್ತು. ಆದ್ರೂ ನನಗೆ ಅನ್ನಿಸೋದು, ಕಾವೇರಿಗೆ ಕೊಟ್ಟ ಫೀ ದುಬಾರಿ ಅಲ್ಲ. ನೀವು ಒಪ್ಪದೇ ಇರಬಹುದು. ನಾವಿಬ್ಬರೂ ಜಗಳ ಆಡೋಕೆ ಒಂದು ನಂಬರ್ ಇದೆ ಅನ್ನೋದೇ ನನಗೆ ಮುಖ್ಯ. ನಂಬರ್ ಇಲ್ಲದಿದ್ದಾಗ ಉಳಿಯೋದು "ನುಂಗಿದ್ರು" ಮಾತ್ರ.

ಫೀ ಕೊಟ್ಟರೆ ವಕೀಲರು ಏನು ಬೇಕಾದ್ರೂ ಹೇಳ್ತಾರೆ ಅಂತಲೂ ಅಂದ್ಕೋಬೇಡಿ. ಮೂರು ದಶಕ ಕರ್ನಾಟಕದ ಪರ ನಿಂತ ಫಾಲಿ ನಾರಿಮನ್ 2016ರ ಸೆಪ್ಟೆಂಬರ್ 30ಕ್ಕೆ ಸುಪ್ರೀಂ ಕೋರ್ಟಲ್ಲಿ, ನೀರು ಬಿಡೋ ಆದೇಶವನ್ನ ರಾಜ್ಯ ಪಾಲಿಸದೇ ಇರುವಾಗ ತಾನು ವಾದ ಮಾಡಲ್ಲ ಅಂದುಬಿಟ್ರು. ಆಮೇಲೆ ಸರ್ಕಾರ ಅವರನ್ನ ಬಿಡಲಿಲ್ಲ, ಅದು ಬೇರೆ ಮಾತು.

ಈಗ ಜಗಳ ಮನೆಯೊಳಗೇ ಬಂದಿದೆ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಹೆಸರು ಕೇಳಿರ್ತೀರ. ಗುಬ್ಬಿ ತಾಲ್ಲೂಕಲ್ಲಿ ನಾಲೆಯಿಂದ ನೀರು ತಿರುಗಿಸಿ ಪೈಪ್‌ನಲ್ಲಿ ನೇರ ಕುಣಿಗಲ್ ಕಡೆಗೆ, ಅಲ್ಲಿಂದ ಮಾಗಡಿಗೂ ಒಯ್ಯೋ ಯೋಜನೆ, ಸುಮಾರು ಸಾವಿರ ಕೋಟಿಯದ್ದು. ಕುಣಿಗಲ್‌ನವರು ಬಾಲದಲ್ಲಿರೋ ನಮಗೆ ನಮ್ಮ ಪಾಲೇ ತಲುಪ್ತಿಲ್ಲ ಅಂತಾರೆ. ಗುಬ್ಬಿ, ತುಮಕೂರಿನವರು ಪೈಪ್ ಹಾಕಿದ್ರೆ ನಮ್ಮ ಕೆರೆಗಳು ಒಣಗುತ್ತವೆ ಅಂತಾರೆ. 2025ರ ಮೇ ಕೊನೆಗೆ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ತಿರ ದೊಡ್ಡ ಪ್ರತಿಭಟನೆನೇ ನಡೀತು. ಇಬ್ಬರ ಮಾತಲ್ಲೂ ಹುರುಳಿದೆ, ಯಾರು ಸರಿ ಅಂತ ಹೇಳೋಕೆ ನಾನು ಎಂಜಿನಿಯರ್ ಅಲ್ಲ. ನಾನು ನೋಡ್ತಿರೋದು ಇನ್ನೊಂದನ್ನ. ಇಂಥ ಜಗಳ ಕೋರ್ಟ್ ಮೆಟ್ಟಿಲು ಹತ್ತಿದಾಗ ಸರ್ಕಾರದ ಕಡೆ ವಕೀಲರಿಗೆ ದುಡ್ಡು ಕಟ್ಟೋರು ಗುಬ್ಬಿಯವರೂ ಹೌದು, ಕುಣಿಗಲ್‌ನವರೂ ಹೌದು. ಎರಡೂ ಕಡೆಯವರ ಜೇಬು ಒಂದೇ.

ಇಲ್ಲಿ ಕೇಳಬೇಕಾದ ಆಫೀಸು ದೂರ ಇಲ್ಲ. ನಾಲೆ ನೋಡ್ಕೊಳ್ಳೋದು ಕಾವೇರಿ ನೀರಾವರಿ ನಿಗಮ. ಅದು ಕಂಪನಿ ಅಂತ ಹೆಸರು, ಆದ್ರೆ ಸರ್ಕಾರದ್ದೇ, ಆರ್‌ಟಿಐ ಒಳಗೇ ಬರುತ್ತೆ. ಅದರ ಹೇಮಾವತಿ ನಾಲಾ ವಲಯದ ಕಚೇರಿ ತುಮಕೂರಲ್ಲೇ ಇದೆ. ನಗರಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ವಿಷಯದಲ್ಲಂತೂ ಇನ್ನೂ ಸುಲಭ. ಮುನಿಸಿಪಲ್ ಅಕೌಂಟ್ಸ್‌ನ ರಾಷ್ಟ್ರೀಯ ಮಾದರಿಯಲ್ಲಿ ಆಡಿಟ್ ಫೀ ಪಕ್ಕದಲ್ಲೇ 'ಕಾನೂನು ವೆಚ್ಚ' ಅಂತ ಪ್ರತ್ಯೇಕ ಹೆಡ್ ಇದೆ. ಲೆಕ್ಕ ಇಟ್ಟಿಲ್ಲ ಅನ್ನೋಕೆ ಬರಲ್ಲ.

ಒಂದು ಹೊಸ ತೊಡಕು ಇದೆ. 8(1)(ಜೆ) ಅನ್ನೋದು ವೈಯಕ್ತಿಕ ಮಾಹಿತಿಯ ವಿನಾಯಿತಿ. ಅದಕ್ಕೆ ಮೊದಲು ಒಂದು ಬೇಲಿ ಇತ್ತು: ಶಾಸನಸಭೆಗೆ ಕೊಡಲೇಬೇಕಾದ ಮಾಹಿತಿಯನ್ನ ಸಾಮಾನ್ಯ ಮನುಷ್ಯನಿಗೂ ಇಲ್ಲ ಅನ್ನೋ ಹಾಗಿಲ್ಲ ಅಂತ. ಎಂಎಲ್ಎ ಮತ್ತು ತೋಟದವರು ಇಬ್ಬರನ್ನೂ ಸಮ ಮಾಡಿದ್ದ ಸಾಲು ಅದು. 2023ರ ಡಿಜಿಟಲ್ ಡೇಟಾ ರಕ್ಷಣಾ ಕಾಯ್ದೆ ಅದನ್ನ ತೆಗೆದು ಹಾಕ್ತು. ನಾಳೆ ಯಾರಾದ್ರೂ ಅಧಿಕಾರಿ "ವಕೀಲರ ಫೀ ಅವರ ವೈಯಕ್ತಿಕ ಆದಾಯ, ಕೊಡಲ್ಲ" ಅಂದ್ರೆ ಆಶ್ಚರ್ಯ ಇಲ್ಲ. ಆಗ 8(2) ನೆನಪಿಟ್ಕೊಳ್ಳಿ, ಸಾರ್ವಜನಿಕ ಹಿತ ದೊಡ್ಡದಾದ್ರೆ ವಿನಾಯಿತಿ ಇದ್ರೂ ಕೊಡಬಹುದು ಅನ್ನೋ ಕಲಂ ಇನ್ನೂ ಉಳಿದಿದೆ.

ಅರ್ಜಿ ಬರೆಯೋರಿಗೆ ಎರಡು ಮಾತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಭಾಷಣ ಬೇಡ. "ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಿಮ್ಮ ಕಚೇರಿ ಕೋರ್ಟ್ ಪ್ರಕರಣಗಳಿಗಾಗಿ ವಕೀಲರಿಗೆ ಪಾವತಿಸಿದ ಶುಲ್ಕ, ಪ್ರಕರಣವಾರು ಮತ್ತು ವರ್ಷವಾರು, ಪಾವತಿ ಆದೇಶದ ಪ್ರತಿ ಸಹಿತ ಕೊಡಿ" ಅಂದ್ರೆ ಸಾಕು. ವಕೀಲರ ಅಭಿಪ್ರಾಯದ ಪ್ರತಿ ಕೇಳಬೇಡಿ, ಅದನ್ನೇ ನೆಪ ಮಾಡಿ ಪೂರ್ತಿ ಅರ್ಜಿ ತಳ್ತಾರೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಝೆರಾಕ್ಸ್‌ಗೆ ಪುಟಕ್ಕೆ 2 ರೂಪಾಯಿ ಆಮೇಲೆ ಕೇಳ್ತಾರೆ. ಸ್ಪೀಡ್ ಪೋಸ್ಟ್ ರಸೀದಿ ಎಸೀಬೇಡಿ, ಫೋಟೋ ತೆಗೆದಿಟ್ಕೊಳ್ಳಿ. 30 ದಿನದ ಲೆಕ್ಕ ಶುರು ಆಗೋದು ಅರ್ಜಿ ಅವರ ಕೈ ಸೇರಿದ ದಿನದಿಂದ. ಉತ್ತರ ಬರದಿದ್ರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೆ ಮತ್ತೆ 30 ದಿನ ಟೈಮ್.